ರಸಮಟ್ಟದ ಗುಳ್ಳೆಯವರಿಗೆ, ನಮ್ಮ ಪಡಸಾಲೆಯ ಪರವಾಗಿ

ಇವರಿಗೆ,
ಶ್ರೀಯುತ ಗುಳ್ಳೆಯವರು,
ಗಾಜಿನ ನಳಿಗೆ, ಹಸಿರು ದ್ರವದ ಮಧ್ಯಭಾಗ,
ಎರಡು ಕಪ್ಪು ಗೆರೆಗಳ ನಡುವೆ.
ಸದ್ಯದ ಬಿಡಾರ: ನನ್ನ ಹತ್ಯಾರದ ಪೆಟ್ಟಿಗೆ, ಅಂಬೇವಾಡಿ, ದಾಂಡೇಲಿ.

ವಿಷಯ: ತಮ್ಮ ಮಿತಿಮೀರಿದ ಪ್ರಾಮಾಣಿಕತೆಯಿಂದ ನಮ್ಮ ಪಡಸಾಲೆಗೆ ಉಂಟಾದ ಅನಾನುಕೂಲ.

ಮಾನ್ಯರೇ,

ಯಾವ ಮೇಜಿನ ಮೇಲಿಟ್ಟರೂ ಆ ಮೇಜಿನ ಯೋಗ್ಯತೆಯನ್ನು ಕಣ್ಣೆವೆ ಮುಚ್ಚುವಷ್ಟರಲ್ಲಿ ಹೇಳಿಬಿಡುವ, ಹೇಳಿದ ಮೇಲೆ ಮೇಜಿನ ಯಜಮಾನನ ಮುಖವನ್ನು ನೋಡುವ ಗೊಡವೆಗೆ ಹೋಗದ ತಮ್ಮ ಸನ್ನಿಧಿಗೆ ಈ ಗೃಹಸ್ಥನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದನ್ನು ತಾವು ಬರಿಯ ಉಪಚಾರದ ಮಾತೆಂದು ತಿಳಿಯಬಾರದು. ಈ ಬೇಸಿಗೆಯಲ್ಲಿ ತಮ್ಮನ್ನು ನಮ್ಮ ಪಡಸಾಲೆಯ ನೆಲದ ಮೇಲಿಟ್ಟು ತಮ್ಮ ಅಭಿಪ್ರಾಯ ಕೇಳಿದಾಗಲೆಲ್ಲ ನಾನು ಹೊಟ್ಟೆಯನ್ನು ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿಕೊಂಡು, ಅಕ್ಷರಶಃ ಅದೇ ಭಂಗಿಯಲ್ಲಿದ್ದೆನೆಂಬುದಕ್ಕೆ ನನ್ನ ಅಂಗಿಯ ಗುಂಡಿಗಳೇ ಸಾಕ್ಷಿ.

ಇದು ಬಹಿರಂಗ ಪತ್ರವಾದ್ದರಿಂದ, ತಮ್ಮ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು ಹೇಳುವುದು ನನ್ನ ಕರ್ತವ್ಯ. ರಸಮಟ್ಟವೆಂಬುದು ಗೇಣುದ್ದದ ಒಂದು ಕೋಲು. ಅದರ ನಡುವೆ ಒಂದು ಗಾಜಿನ ನಳಿಗೆ. ನಳಿಗೆಯ ತುಂಬ ದ್ರವ. ಆ ದ್ರವದಲ್ಲಿ ತಾವೊಬ್ಬರೇ. ಕೋಲನ್ನಿಟ್ಟ ಜಾಗ ಸಮವಾಗಿದ್ದರೆ ತಾವು ಎರಡು ಗೆರೆಗಳ ನಡುವೆ ನಿಲ್ಲುತ್ತೀರಿ, ಇಲ್ಲದಿದ್ದರೆ ಎತ್ತರದ ಕಡೆಗೆ ಸರಿದು ಸುಮ್ಮನಾಗುತ್ತೀರಿ. ತಮ್ಮ ವೃತ್ತಿಯೆಲ್ಲ ಇಷ್ಟೇ. ಇಷ್ಟನ್ನೇ ಇಟ್ಟುಕೊಂಡು ಒಂದು ಸಂಸಾರವನ್ನು ಹೇಗೆ ಅಲ್ಲಾಡಿಸಬಹುದೆಂಬುದು ಈ ಪತ್ರದ ವಿಷಯ.

ನಾನು ಅಂಬಿಕಾನಗರದ ಕಡೆಯ ಜಲವಿದ್ಯುತ್ ಕೇಂದ್ರದಲ್ಲಿ ಯಂತ್ರಗಳ ದುರಸ್ತಿ ವಿಭಾಗದವನು. ಅಲ್ಲಿ ತಮ್ಮ ಹಿರಿಯ ಬಂಧುಗಳಿದ್ದಾರೆ. ಕಾಗದದ ಹಾಳೆಯೊಂದನ್ನು ಅಡಿಗಿಟ್ಟರೂ ಬೆಚ್ಚಿಬೀಳುವಷ್ಟು ಸೂಕ್ಷ್ಮ ಪ್ರಕೃತಿಯವರು. ನೀರು ತಿರುಗಿಸುವ ದೊಡ್ಡ ಚಕ್ರದ ದಂಡ ಕೂದಲೆಳೆಯಷ್ಟು ವಾಲಿದರೂ ಯಂತ್ರ ನಡುಗುತ್ತದೆ, ಕಾವೇರುತ್ತದೆ, ಕೊನೆಗೆ ತನ್ನನ್ನೇ ತಿನ್ನುತ್ತದೆ. ಆದ್ದರಿಂದ ಅಲ್ಲಿ ತಮ್ಮವರ ಮಾತೇ ಕೊನೆಯ ಮಾತು. ಅವರು ಒಪ್ಪುವ ತನಕ ಶಿಮ್ ಎಂದು ನಾವು ಕರೆಯುವ ತೆಳು ತಗಡಿನ ಚೂರುಗಳನ್ನು ಒಂದೊಂದಾಗಿ ಅಡಿಗೆ ಸರಿಸುತ್ತ ಹೋಗುವುದು ನಾನು ಕಲಿತ ವಿದ್ಯೆ. ಈ ವಿದ್ಯೆಯನ್ನು ಸಂಜೆ ಕೇಂದ್ರದ ಗೇಟಿನಲ್ಲಿಯೇ ಬಿಟ್ಟು ಬರಬೇಕೆಂಬ ನಿಯಮವೊಂದು ಇರಬೇಕಿತ್ತು, ಇರಲಿಲ್ಲ. ಅದು ಮನೆಯ ತನಕ ನನ್ನ ಜೊತೆ ಬಂತು, ತಾವೂ ಬಂದಿರಿ.

ಈಗ ನನ್ನ ಪತ್ನಿ ವಿದ್ಯಾವತಿಯವರ ವಿಚಾರ. ಹಳಿಯಾಳ ತಾಲ್ಲೂಕಿನ ತೇರಗಾಂವದಿಂದ ಮದುವೆಯಾಗಿ ಬಂದಂದಿನಿಂದ ಅವರು ಒಂದು ವಸತಿಗೃಹದಿಂದ ಇನ್ನೊಂದಕ್ಕೆ ನನ್ನ ಜೊತೆ ಸಾಮಾನು ಸಾಗಿಸುತ್ತಲೇ ಇದ್ದಾರೆ. ಎಲ್ಲ ವಸತಿಗೃಹಗಳ ಕಿಟಕಿಗಳೂ ಒಂದೇ ಅಳತೆಯವಾದ್ದರಿಂದ ಪರದೆಗಳು ಎಲ್ಲಿ ಹೋದರೂ ಹೊಂದುತ್ತಿದ್ದವು. ಹೊಂದದೇ ಇದ್ದದ್ದು ನಾನು. ಸ್ವಂತದ್ದಲ್ಲದ ಗೋಡೆಗೆ ಮೊಳೆ ಹೊಡೆಯಬಾರದೆಂಬುದು ನನ್ನದೇ ಸ್ವಂತ ಕಟ್ಟಳೆ, ಯಾರೂ ವಿಧಿಸಿದ್ದಲ್ಲ. ಹೀಗಾಗಿ ಅವರು ಇಷ್ಟು ವರ್ಷ ಒಂದೂ ಮೊಳೆಯಿಲ್ಲದೆ ಮನೆಯನ್ನು ಅಲಂಕರಿಸಿದರು. ಕಿಟಕಿಯ ಸರಳುಗಳಿಂದ ದಾರ ಇಳಿಬಿಟ್ಟು ಚಿತ್ರಗಳನ್ನು ತೂಗುಹಾಕಿದರು. ಕಪಾಟಿನ ಬೆನ್ನಿಗೆ ಹಳೆಯ ಇಳಕಲ್ ಸೀರೆಯ ಸೆರಗು ಹೊದಿಸಿ, ಅದು ಕಪಾಟಿನ ಬೆನ್ನೆಂಬುದನ್ನು ಬಂದವರಿಗೆ ಮರೆಸಿದರು. ಬಂದವರು ಹೊರಡುವಾಗ ನನ್ನ ಕೈ ಕುಲುಕಿ, ಮನೆಯನ್ನು ಬಲು ಚೆನ್ನಾಗಿ ಇಟ್ಟಿದ್ದೀರಿ ಎಂದು ನನ್ನನ್ನು ಹೊಗಳುತ್ತಿದ್ದರು. ನಾನು ಸುಮ್ಮನೆ ಹೊಗಳಿಸಿಕೊಳ್ಳುತ್ತಿದ್ದೆ.

ಕಳೆದ ವರ್ಷ ಅಂಬೇವಾಡಿಯಲ್ಲಿ ಹಳೆಯದೊಂದು ಪುಟ್ಟ ಮನೆ ನಮ್ಮ ಕೈಗೆ ಎಟಕುವ ಬೆಲೆಗೆ ಸಿಕ್ಕಿತು. ಗೃಹಪ್ರವೇಶದ ಮರುದಿನ ಬೆಳಿಗ್ಗೆ ವಿದ್ಯಾವತಿಯವರು ಮೊದಲು ಕೇಳಿದ್ದು ಸುತ್ತಿಗೆಯನ್ನು. ಪಡಸಾಲೆಯ ನಟ್ಟನಡುವಿನ ಗೋಡೆಗೆ ಒಂದು ಮೊಳೆ ಹೊಡೆದು, ಅದಕ್ಕೆ ಏನನ್ನೂ ತೂಗುಹಾಕದೆ, ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತರು. ಆ ಮೊಳೆ ಸೊಟ್ಟಗಿತ್ತು. ಅದನ್ನು ನಾನು ಹೇಳಲಿಲ್ಲವೆಂಬುದನ್ನು ತಾವು ದಯವಿಟ್ಟು ನನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಕು.

ಅನಂತರ ಪಡಸಾಲೆ ತುಂಬತೊಡಗಿತು. ಅವರದೊಂದು ನೇಮವಿದೆ: ಹಳೆಯದನ್ನು ತಿರುಗಿಸಿ ಕೂಡಿಸಲು ಬರುವಾಗ ಹೊಸದು ಹೊಸಿಲು ದಾಟಬಾರದು. ಹರಾಜಿನಲ್ಲಿ ಬಂದ, ಕೇಬಲ್ಲು ಸುತ್ತುವ ದೊಡ್ಡ ಮರದ ಉರುಳೆ ಮರಳುಕಾಗದದಿಂದ ಉಜ್ಜಿಸಿಕೊಂಡು ಚಹದ ಮೇಜಾಯಿತು. ಕಾಗದದ ರೀಲುಗಳ ಒಳಗಿರುವ ಗಟ್ಟಿ ರಟ್ಟಿನ ಕೊಳವೆ, ಕಾಗದದ ಕಾರ್ಖಾನೆಯ ಈ ಊರಿನಲ್ಲಿ ಯಾರ ಅಟ್ಟದ ಮೇಲಾದರೂ ಒಂದು ಇದ್ದೇ ಇರುವಂಥದು, ಹುರಿ ಸುತ್ತಿಸಿಕೊಂಡು ದೀಪದ ಕಂಬವಾಗಿ ನಿಂತಿತು. ಮುಂಡಗೋಡದ ಟಿಬೆಟಿಯನ್ನರ ಕ್ಯಾಂಪಿನಿಂದ ಒಂದು ಮೂಲೆ ಸವೆದ ರತ್ನಗಂಬಳಿ ಬಂತು. ಸವೆದ ಮೂಲೆಯ ಮೇಲೆ ಜೋಯಿಡಾದ ಬಿದಿರಿನ ಬುಟ್ಟಿ ಕುಳಿತಿತು, ಬುಟ್ಟಿಯಲ್ಲಿ ನಮ್ಮ ಹಳೆಯ ಪತ್ರಿಕೆಗಳು ಕುಳಿತವು. ಮೊಬೈಲಿನಲ್ಲಿ ಮನೆ ಅಲಂಕಾರ ಕಲಿಸುವ ಹೆಣ್ಣುಮಕ್ಕಳ ವಿಡಿಯೋಗಳನ್ನೂ ಅವರು ನೋಡುತ್ತಾರೆ. ಆ ವಿಡಿಯೋಗಳಲ್ಲಿ ಒಂದು ಹೂದಾನಿಗೆ ಒಂದು ಇಡೀ ಕೋಣೆಯನ್ನು ಬಿಟ್ಟುಕೊಟ್ಟಿರುತ್ತಾರೆ, ಮನುಷ್ಯರನ್ನು ಎಲ್ಲಿಟ್ಟಿದ್ದಾರೆಂಬುದು ತಿಳಿಯುವುದಿಲ್ಲ. ವಿದ್ಯಾವತಿಯವರು ಅವುಗಳಿಂದ ಬಣ್ಣ ಹೊಂದಿಸುವುದನ್ನಷ್ಟು ಕಲಿತು, ಹೂದಾನಿಯ ರಾಜಯೋಗವನ್ನು ಬಿಟ್ಟುಬಿಟ್ಟರು.

ಕೊನೆಗೆ ಬಂದದ್ದು ಕೌದಿ. ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಳೆಯ ಬಟ್ಟೆಯ ತುಂಡುಗಳನ್ನು ಒಂದರ ಪಕ್ಕ ಒಂದು ಕೂಡಿಸಿ ಕೈಯಿಂದಲೇ ಹೊಲಿದದ್ದು. ಅದನ್ನು ಹೊದೆಯಲು ಮನಸ್ಸಾಗದೆ ವಿದ್ಯಾವತಿಯವರು ಗೋಡೆಗೆ ಹಾಕಬೇಕೆಂದರು. ಅವರು ಮೊದಲ ದಿನ ಹೊಡೆದ ಸೊಟ್ಟ ಮೊಳೆ ಅದಕ್ಕಾಗಿಯೇ ಕಾಯುತ್ತಿತ್ತೆಂದು ನನಗೆ ಆಗ ತಿಳಿಯಿತು.

ಇಷ್ಟರಲ್ಲಿ ಒಂದು ಸಂಗತಿ ನಡೆಯಿತು. ಪರದೆ ಹೊಲಿಸಲು ಹೋಗಿದ್ದ ದರ್ಜಿಯ ಅಂಗಡಿಯಲ್ಲಿ ಅವರಿಗೆ ಜೆನಿಫರ್ ಎಂಬ ಹುಡುಗಿಯ ಪರಿಚಯವಾಯಿತು. ಊರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಹಾಸ್ಟೆಲಿನ ವಾಸ ಸಾಕೆನಿಸಿ, ಇದೇ ಅಂಬೇವಾಡಿಯಲ್ಲಿ ಹೊಸದಾಗಿ ಕಟ್ಟಿದ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು, ಹಳ್ಳಿಯಿಂದ ತಾಯಿಯನ್ನು ಕರೆತರಲಿದ್ದವಳು. ತಾಯಿಗೆ ಮನಸ್ಸು ನಿಲ್ಲುವಂತೆ ಮನೆ ಚೆಂದವಾಗಿರಬೇಕು, ಆದರೆ ಕೈಯಲ್ಲಿರುವುದು ನರ್ಸಿನ ಸಂಬಳ, ಏನು ಮಾಡಬಹುದು ಎಂದು ಆಕೆ ಕೇಳಿದಳು. ವಿದ್ಯಾವತಿಯವರು ಪರದೆಯ ಬಟ್ಟೆಯನ್ನು ದರ್ಜಿಯ ಮೇಜಿನ ಮೇಲೆಯೇ ಬಿಟ್ಟು ಅರ್ಧ ಗಂಟೆ ಮಾತಾಡಿದರಂತೆ. ಮನೆಗೆ ಬಂದಾಗ ಅವರ ಮುಖದಲ್ಲಿ ಎಂದೂ ನೋಡದ ಒಂದು ಗಾಬರಿಯಿತ್ತು: ಜೆನಿಫರ್ ತಾಯಿಯ ಜೊತೆ ಭಾನುವಾರ ಪ್ರಾರ್ಥನೆ ಮುಗಿಸಿಕೊಂಡು ನಮ್ಮ ಪಡಸಾಲೆಯನ್ನು ನೋಡಲು ಬರುವವಳಿದ್ದಳು, ಒಪ್ಪಿಗೆಯಾದರೆ ತನ್ನ ಮನೆಯ ಕೆಲಸವನ್ನು ಇವರಿಗೇ, ಮಜೂರಿ ಕೊಟ್ಟು, ವಹಿಸುವವಳಿದ್ದಳು. ಇಷ್ಟು ವರ್ಷ ಪುಕ್ಕಟೆಯಾಗಿ ಹೊಗಳಿಸಿಕೊಂಡ ವಿದ್ಯೆಗೆ ಮೊದಲ ಗಿರಾಕಿ.

ಆ ಸಂಜೆ ಅವರು ಚಹದ ಲೋಟವನ್ನು ಸುಮ್ಮನೆ ತಿರುಗಿಸುತ್ತ ಕುಳಿತು ಹೇಳಿದ ಒಂದು ಮಾತನ್ನು ತಮ್ಮ ಗಮನಕ್ಕೆ ತರುತ್ತೇನೆ. "ಮೊದಲನೇದ ಕೈ ತಪ್ಪಿದ್ರ ಇನ್ನೊಬ್ಬರನ್ನ ಕೇಳಾಕ ನನಗ ಬಾಯಿ ಬರಂಗಿಲ್ರೀ."

ನಾನು ಮಾತಿನಲ್ಲಿ ಧೈರ್ಯ ಹೇಳಬಲ್ಲವನಲ್ಲ. ಕೆಲಸದಿಂದ ಹೇಳಬಲ್ಲೆ. ಆದ್ದರಿಂದ ಎದ್ದು ಹೋಗಿ ತಮ್ಮನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದೆ. ನಮ್ಮ ಎಲ್ಲ ಸಂಕಷ್ಟಗಳೂ ಈ ಸದುದ್ದೇಶದಿಂದಲೇ ಆರಂಭವಾದವೆಂಬುದನ್ನು ಓದುಗರು ಗಮನಿಸಬೇಕು.

ಪಡಸಾಲೆಯ ನೆಲದ ಮೇಲೆ ಇಟ್ಟೊಡನೆ ತಾವು ಗೆರೆ ದಾಟಿ ಅಡುಗೆಮನೆಯ ಕಡೆಗೆ ಹೊರಟುಬಿಟ್ಟಿರಿ. ಚಹ ಬೇಕಾದವರ ಹಾಗೆ. ಅಂದರೆ ನೆಲ ಒಳಗಿನಿಂದ ಬಾಗಿಲ ಕಡೆಗೆ ಇಳಿದಿತ್ತು. ಗೋಡೆಯ ಬುಡದ ಕೆಂಪು ಪಟ್ಟಿಯ ಮೇಲೆ ಇಟ್ಟೆ, ಅದೇ ಉತ್ತರ. ಕಿಟಕಿಯ ಕೆಳಗಿನ ಕಲ್ಲಿನ ಮೇಲೆ, ಗೋಡೆಯೊಳಗಿನ ಕಡಪಾ ಕಲ್ಲಿನ ಹಲಗೆಯ ಮೇಲೆ, ಎಲ್ಲೆಲ್ಲೂ ಅದೇ ಉತ್ತರ. ಚಾವಣಿಯೂ ಮಳೆನೀರಿಗೆಂದು ಅದೇ ದಿಕ್ಕಿಗೆ ಬಾಗಿತ್ತು. ಹಿಂದಿನ ಮಾಲೀಕರ ಗೌಂಡಿ ಯಾವ ಹೊತ್ತಿನಲ್ಲಿ ಈ ಮನೆ ಕಟ್ಟಿದನೋ ಎಂದು ಮನಸ್ಸಿನಲ್ಲಿಯೇ ಕನಿಕರಪಟ್ಟೆ. ಇಡೀ ಕೋಣೆ ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ, ಒಂದೇ ಮನಸ್ಸಿನಿಂದ ವಾಲಿತ್ತು. ಇದಕ್ಕೇನಾದರೂ ಕಾರಣವಿದ್ದೀತೇ ಎಂದು ತಾವು ಹೇಳಲಿಲ್ಲ. ನಾನೂ ಕೇಳಲಿಲ್ಲ. ಎಷ್ಟು ವಾಲಿದೆ ಎಂಬುದು ಗೊತ್ತಾದ ಮೇಲೆ ಏಕೆ ವಾಲಿದೆ ಎಂದು ಕೇಳುವುದು ನಮ್ಮಿಬ್ಬರ ವೃತ್ತಿಯಲ್ಲಿಯೂ ಇಲ್ಲ.

ಅಂದಿನಿಂದ ಕೇಂದ್ರದಿಂದ ಬಂದ ಮೇಲೆ ಪ್ರತಿ ಸಂಜೆ ದುರಸ್ತಿ ಸಾಗಿತು. ಬಂದವರು ಕೂರುವ ದಿವಾನದ ಬಾಗಿಲ ಕಡೆಯ ಕಾಲುಗಳಿಗೆ ತಗಡಿನ ಚೂರುಗಳನ್ನು ಕೊಟ್ಟೆ. ಚಹದ ಮೇಜಿಗೆ ಕೊಟ್ಟೆ. ಪುಸ್ತಕದ ಕಪಾಟಿಗೂ ದೀಪದ ಕಂಬಕ್ಕೂ ಕೊಟ್ಟೆ. ಪ್ರತಿಯೊಂದರ ಮೇಲೂ ತಾವು ಗೆರೆಗಳ ನಡುವೆ ಬಂದು ನಿಲ್ಲುವಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಚಿತ್ರದ ಚೌಕಟ್ಟುಗಳನ್ನೂ ತಮ್ಮ ಅಪ್ಪಣೆಯಂತೆಯೇ ತೂಗುಹಾಕಿದೆ. ಕೌದಿ ಮಾತ್ರ ತಕರಾರು ಮಾಡಿತು. ಅಳತೆಪಟ್ಟಿಯನ್ನೇ ಕಾಣದ ಕೈಯ ಹೊಲಿಗೆ; ಅಂಚು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಿತ್ತು, ಸಾಲದ್ದಕ್ಕೆ ನಾಲ್ಕೂ ಮೂಲೆಗಳಲ್ಲಿ ಬಣ್ಣದ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಹೊಲಿದ ಕುಚ್ಚುಗಳು ಗೆರೆಯನ್ನು ಮೀರಿ ಹೊರಗೆ ಇಣುಕುತ್ತಿದ್ದವು. ತಮ್ಮ ಮುಖ ನೋಡಿದೆ. ತಾವು ಒಪ್ಪಿರಲಿಲ್ಲ. ಅಂಚನ್ನು ಹಿಂದಕ್ಕೆ ಮಡಿಸಿ, ಮೂಲೆಯ ಕುಚ್ಚುಗಳನ್ನೂ ಅದರೊಳಗೆ ಸೇರಿಸಿ ಪಿನ್ನು ಚುಚ್ಚಿದೆ. ಆಗ ಕೌದಿ ನಕ್ಷೆಯ ಕಾಗದದಂತೆ ನೇರವಾಯಿತು, ತಾವೂ ನೇರವಾದಿರಿ.

ಎಲ್ಲವೂ ಸಮವಾದ ಮೇಲೆ ಪಡಸಾಲೆಯ ನಡುವೆ ನಿಂತು ನೋಡಿದೆ. ಏನೋ ಒಂದು ಎಡವಟ್ಟಾಗಿತ್ತು. ಏನೆಂದು ತಿಳಿಯಲಿಲ್ಲ. ಸರಿಯಿದೆಯೇ ಎಂದು ಮತ್ತೆ ತಮ್ಮನ್ನೇ ಕೇಳಿದೆ, ಸರಿಯಿದೆ ಎಂದಿರಿ.

ವಿದ್ಯಾವತಿಯವರು ಹೊಲಿಗೆಯ ಡಬ್ಬಿ ತೆಗೆದರು. ದಿವಾನದ ಕಾಲಿನ ತಗಡುಗಳು ಕಾಣದಂತೆ ಸುತ್ತಲೂ ಒಂದು ನೆರಿಗೆಯ ಬಟ್ಟೆಯನ್ನು ಹೊಲಿದು ಇಳಿಬಿಟ್ಟರು. ನನ್ನ ತಪ್ಪುಗಳಿಗೆ ಅವರು ನೆರಿಗೆ ಹೊಲಿಯುವುದು ಹೊಸದೇನಲ್ಲವಾದ್ದರಿಂದ ನಾನು ಅದನ್ನು ಒಪ್ಪಿಗೆಯೆಂದೇ ತಿಳಿದೆ. ಶನಿವಾರ ನೆರೆಮನೆಯ ಕರಿಬಸಪ್ಪನವರು ಚಹಕ್ಕೆ ಬಂದರು. ದಿವಾನದ ಮೇಲೆ ಕುಳಿತವರು ಕತ್ತನ್ನು ಮೆಲ್ಲಗೆ ಒಂದು ಕಡೆಗೆ ವಾಲಿಸಿದರು, ಇನ್ನೊಂದು ಕಡೆಗೆ ವಾಲಿಸಿದರು, ಕೊನೆಗೆ ಚಹದ ಬಸಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. "ಮನಿ ಭಾಳ ಚಂದ ಆಗೇತ್ರಿ. ಆದ್ರ ಕುಂತ್ರ ಕಾರವಾರದ ಬೋಟಿನ್ಯಾಗ ಕುಂತಂಗ ಆಗ್ತೈತಿ ನೋಡ್ರಿ." ಕರಿಬಸಪ್ಪನವರಿಗೆ ಪಿತ್ತದ ತೊಂದರೆಯಿದೆ ಎಂದು ನಾನು ವಿದ್ಯಾವತಿಯವರಿಗೆ ಹೇಳಿದೆ. ಅವರು ಬಸಿಗಳನ್ನು ಎತ್ತಿಕೊಂಡು ಒಳಗೆ ಹೋದರು.

ಭಾನುವಾರ ಜೆನಿಫರ್ ತಾಯಿಯನ್ನು ಕರೆದುಕೊಂಡು ಬಂದಳು. ತಾಯಿಯ ಹೆಸರು ಅನ್ನಾಬಾಯಿ. ಹಳಿಯಾಳದ ಆಚೆಯ ಸಿದ್ದಿಗಳ ಹಳ್ಳಿಯೊಂದರವರು, ಎತ್ತರದ ಆಳು, ಹೆಚ್ಚು ಮಾತಿಲ್ಲ. ಜೆನಿಫರ್ ದೀಪದ ಕಂಬವನ್ನು ಮುಟ್ಟಿ ನೋಡಿದಳು, ಉರುಳೆಯ ಮೇಜಿನ ಕಥೆ ಕೇಳಿ ನಕ್ಕಳು, ರತ್ನಗಂಬಳಿಯ ಸವೆದ ಮೂಲೆ ಬುಟ್ಟಿಯ ಕೆಳಗಿದೆ ಎಂದು ವಿದ್ಯಾವತಿಯವರೇ ಗುಟ್ಟು ಬಿಟ್ಟುಕೊಟ್ಟಾಗ ಇನ್ನಷ್ಟು ನಕ್ಕಳು. ಆಮೇಲೆ ದಿವಾನದ ಮೇಲೆ ಕುಳಿತಳು. ಅವಳ ಕತ್ತು ಮೆಲ್ಲಗೆ ಒಂದು ಕಡೆಗೆ ವಾಲಿತು. ಕಿಟಕಿಯ ಕಲ್ಲನ್ನು ನೋಡಿದಳು, ಚೌಕಟ್ಟನ್ನು ನೋಡಿದಳು, ಮತ್ತೆ ಕಿಟಕಿಯ ಕಲ್ಲನ್ನು ನೋಡಿದಳು. ಎಲ್ಲ ಚೆಂದವಿದೆ ಆಂಟಿ, ಆದರೆ ಏನೋ ಒಂಥರಾ ಎಂದು ಅರ್ಧಕ್ಕೆ ನಿಲ್ಲಿಸಿದಳು. ಅವಳಿಗೂ ಪಿತ್ತದ ತೊಂದರೆಯಿದ್ದೀತೆಂದು ನಂಬಲು ನಾನು ಪ್ರಯತ್ನಪಟ್ಟೆ. ಆದರೆ ಆಸ್ಪತ್ರೆಯವಳು.

ಅನ್ನಾಬಾಯಿಯವರು ಕುಳಿತಿರಲಿಲ್ಲ. ಕೌದಿಯ ಮುಂದೆ ನಿಂತಿದ್ದರು. ಅಂಚನ್ನು ಎರಡು ಬೆರಳಿನಿಂದ ಎತ್ತಿ ಹಿಂದೆ ನೋಡಿದರು. ಮಡಿಸಿ ಪಿನ್ನು ಚುಚ್ಚಿದ ಮೂಲೆಗಳು ಅಲ್ಲಿದ್ದವು. ಆ ಕುಚ್ಚುಗಳನ್ನು ಅವರಲ್ಲಿ ಹೂ ಎನ್ನುತ್ತಾರೆ. ಹೂವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಮುಗಿದ ಕೌದಿಯಲ್ಲ, ಅಂಥದ್ದನ್ನು ಯಾರ ಮುಂದೆಯೂ ಹರವುವುದಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ಅವರು ಅಂದದ್ದು ಒಂದೇ ಮಾತು, ಅದೂ ಬೈಗುಳದಂತಲ್ಲ, ಮಗುವಿಗೆ ಅಂಗಿ ತೊಡಿಸಲು ಮರೆತವರಿಗೆ ಹೇಳುವಂತೆ. "ಹೂ ಮುಚ್ಚಿಟ್ಟು ಇದನ್ನ ಹಿಂಗ ಬತ್ತಲೆ ನಿಂದರಸಬಾರದ್ರೀ, ಸಾಹೇಬ್ರ."

ಜೆನಿಫರ್ ಬಸಿ ಕೆಳಗಿಟ್ಟಳು. ಅಮ್ಮನಿಗೆ ಬಿಸಿಲೇರುವ ಮುಂಚೆ ಬಸ್ಸು ಹಿಡಿಯಬೇಕು, ಇನ್ನೊಮ್ಮೆ ಬರುತ್ತೇವೆ ಎಂದಳು. ಇನ್ನೊಮ್ಮೆ ಎಂಬುದರ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ವಿದ್ಯಾವತಿಯವರ ಕೈ ಸೆರಗಿನ ಅಂಚನ್ನು ಮಡಿಸುತ್ತಿತ್ತು, ಬಿಚ್ಚುತ್ತಿತ್ತು. ನನಗೆ ಯಂತ್ರ ನಡುಗುವ ಸದ್ದು ದೂರದಿಂದಲೇ ತಿಳಿಯುತ್ತದೆ.

ಆಗ ಅವರು ಮಾಡಿದ ಕೆಲಸವನ್ನು ತಾವು ಕಪಾಟಿನ ಮೇಲಿಂದ ನೋಡಿದ್ದೀರಿ. ಆದರೂ ದಾಖಲೆಗಾಗಿ ಬರೆಯುತ್ತೇನೆ. ಕುಡಿಯಲು ಇಟ್ಟಿದ್ದ ತಂಬಿಗೆಯನ್ನು ಕೈಗೆತ್ತಿಕೊಂಡರು. ಅಡುಗೆಮನೆಯ ಹೊಸಿಲ ಹತ್ತಿರ ಹೋಗಿ, ಬಂದವರೆದುರಿಗೆ, ನೀರನ್ನೆಲ್ಲ ಪಡಸಾಲೆಯ ನೆಲಕ್ಕೆ ಸುರಿದರು. ನೀರು ಒಂದು ಕ್ಷಣವೂ ಅನುಮಾನಿಸಲಿಲ್ಲ. ದಿವಾನದ ನೆರಿಗೆಯ ಕೆಳಗೆ ನುಸುಳಿ, ಮೇಜನ್ನು ಬಳಸಿ, ರತ್ನಗಂಬಳಿಯ ಅಂಚಿಗೆ ತಾಗಿಯೂ ತಾಗದಂತೆ ಸಾಗಿ, ಬಾಗಿಲ ಮೂಲೆಯಲ್ಲಿ ನಾನು ಇಷ್ಟು ದಿನವೂ ಇಲಿಯ ಬಿಲವೆಂದು ತಿಳಿದಿದ್ದ ಸಣ್ಣ ಕಿಂಡಿಯಿಂದ ಹೊರಗೆ ಹೋಗಿ ಅಂಗಳದ ಅಬ್ಬಲಿಗೆ ಗಿಡದ ಬುಡ ಸೇರಿತು. ಒಂದು ಹನಿಯೂ ಹಿಂದೆ ಉಳಿಯಲಿಲ್ಲ. ನೆಲ ತೊಳೆದ ನೀರು ತಾನಾಗಿ ಹೊರಗೆ ಹೋಗಲೆಂದು ಗೌಂಡಿ ಬೇಕೆಂದೇ ಕೊಟ್ಟ ಇಳಿಜಾರು ಅದು. ಇಲ್ಲಿಯವರು ಅದಕ್ಕೆ ಢಾಳ ಎನ್ನುತ್ತಾರೆ. ನೆಲಕ್ಕೆ ಕೊಟ್ಟದ್ದನ್ನೇ, ಕಣ್ಣಿಗೆ ಹಿತವಾಗಲೆಂದು, ಆತ ಪಟ್ಟಿಗೂ ಕಲ್ಲಿಗೂ ಹಲಗೆಗೂ ಕೊಟ್ಟಿದ್ದ. ಕೋಣೆಯಲ್ಲಿ ಸೊಟ್ಟಗಿದ್ದದ್ದು ನಾನು ನೆಟ್ಟಗೆ ಮಾಡಿದ ವಸ್ತುಗಳು ಮಾತ್ರ.

ವಿದ್ಯಾವತಿಯವರು ದನಿ ಏರಿಸಲಿಲ್ಲ. "ಒಂದ್ ದಿನಾರ ಈ ನೆಲಾ ತೊಳದಿದ್ರ ನಿಮಗ ಗೊತ್ತಾಗ್ತಿತ್ತು. ಏಳ್ರಿ, ಆ ತಗಡೆಲ್ಲಾ ತಗೀರಿ."

ಮಾನ್ಯರೇ, ಆ ಮಾತಿಗೆ ತಮ್ಮಲ್ಲಿ ಉತ್ತರವಿದ್ದರೆ ದಯವಿಟ್ಟು ಮರುಟಪಾಲಿಗೆ ತಿಳಿಸಬೇಕು. ನಾನು ಮತ್ತೆ ಸಾಷ್ಟಾಂಗ ಮಲಗಿದೆ, ಈ ಬಾರಿ ತಮಗಲ್ಲ. ಬಸ್ಸಿಗೆ ಹೊರಟಿದ್ದ ಜೆನಿಫರ್ ಚಪ್ಪಲಿ ಬಿಟ್ಟು ಒಳಗೆ ಬಂದು ದಿವಾನದ ಒಂದು ಕಡೆಯನ್ನು ಎತ್ತಿ ಹಿಡಿದಳು. ರೋಗಿಗಳನ್ನು ಎತ್ತಿ ರೂಢಿಯಿದ್ದ ಕೈ. ತಗಡುಗಳು ಒಂದೊಂದಾಗಿ ಹೊರಬಂದವು. ಪ್ರತಿಯೊಂದು ಹೊರಬಂದಾಗಲೂ ಪಡಸಾಲೆ ಒಂದು ಉಸಿರು ಬಿಟ್ಟು ಕುಳಿತುಕೊಂಡಂತಾಯಿತು. ಚೌಕಟ್ಟುಗಳನ್ನು ಮತ್ತೆ ಹಾಕುವಾಗ ತಮ್ಮನ್ನು ಯಾರೂ ಕರೆಯಲಿಲ್ಲ. ಅನ್ನಾಬಾಯಿಯವರು ಬಾಗಿಲಲ್ಲಿ ನಿಂತು ಕೈಯನ್ನು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಆಡಿಸಿದರು, ಕೈ ನಿಂತಲ್ಲಿ ನಾನು ನಿಲ್ಲಿಸಿದೆ. ಕೌದಿಯ ಪಿನ್ನುಗಳನ್ನು ಮಾತ್ರ ವಿದ್ಯಾವತಿಯವರೇ ಬಿಚ್ಚಿದರು. ನಾಲ್ಕು ಹೂಗಳೂ ಹೊರಗೆ ಬಂದವು, ಅಂಚು ತನ್ನ ಇಷ್ಟದಂತೆ ಉಬ್ಬಿತು, ತಗ್ಗಿತು. ಅದು ಆ ಸೊಟ್ಟ ಮೊಳೆಯಿಂದಲೇ ಇಳಿಬಿದ್ದಿತ್ತು, ಮತ್ತು ಆ ಮೊಳೆ ಆ ಕೋಣೆಯ ಸೊಟ್ಟಕ್ಕೆ ಸರಿಯಾಗಿಯೇ ಇತ್ತು.

ಜೆನಿಫರ್ ಮತ್ತೆ ದಿವಾನದ ಮೇಲೆ ಕುಳಿತಳು. ಅವಳ ಕತ್ತು ನೆಟ್ಟಗಿತ್ತು. ತಾಯಿಯ ಮುಖ ನೋಡಿದಳು. ಅನ್ನಾಬಾಯಿಯವರು ಕೊನೆಗೂ ಕುಳಿತು, ಆರಿಹೋದ ಚಹವನ್ನು ಬಿಸಿ ಮಾಡಿಕೊಡಲು ಕೇಳಿದರು. ಬಸ್ಸು ಹೋಗಿತ್ತು, ಯಾರೂ ಅದರ ಸುದ್ದಿ ಎತ್ತಲಿಲ್ಲ.

ಹೊರಡುವಾಗ ಜೆನಿಫರ್ ಕಪಾಟಿನ ಮೇಲಿದ್ದ ತಮ್ಮ ಕಡೆಗೆ ಬೆರಳು ತೋರಿಸಿ ಹೇಳಿದ್ದನ್ನು ಅವಳ ಮಾತಿನಲ್ಲಿಯೇ ಕೊಡುತ್ತೇನೆ, ಏಕೆಂದರೆ ಅದು ತಮಗೆ ನೇರವಾಗಿ ಸಂಬಂಧಿಸಿದ್ದು. "ನಮ್ಮನೀನೂ ನೀವ ಮಾಡ್ರಿ ಆಂಟಿ. ಮೊಳಿ ಹೊಡ್ಯಾಕ ಅಂಕಲ್‌ನ್ನೂ ಕರ್ಕೊಂಡ ಬರ್ರಿ. ಆ ಗುಳ್ಳಿ ಒಂದ ಬ್ಯಾಡ."

ವಿದ್ಯಾವತಿಯವರು ಗೇಟಿನ ತನಕ ಹೋಗಿ ಅವರನ್ನು ಬೀಳ್ಕೊಟ್ಟು ಬಂದು, ಹೊಸಿಲಲ್ಲಿ ನಿಂತು ಪಡಸಾಲೆಯನ್ನು ನೋಡಿದರು, ಗೃಹಪ್ರವೇಶದ ಮರುದಿನ ಆ ಮೊಳೆಯನ್ನು ನೋಡಿದ ಹಾಗೆ. ಆಮೇಲೆ ಒದ್ದೆ ನೆಲದ ಮೇಲೆ ಹುಷಾರಾಗಿ ನಡೆಯಿರಿ ಎಂದರು. ನೆಲ ಆಗಲೇ ಒಣಗಿತ್ತು. ಅದು ಢಾಳದ ಗುಣ.

ಇಷ್ಟೆಲ್ಲ ಆದ ಮೇಲೂ ತಮ್ಮ ಮೇಲಿನ ನನ್ನ ಗೌರವ ಎಳ್ಳಷ್ಟೂ ಕಡಿಮೆಯಾಗಿಲ್ಲ. ಮನೆ ಅಲಂಕಾರದ ವಿಷಯದಲ್ಲಂತೂ ತಮ್ಮನ್ನು ಮೀರಿಸುವವರಿಲ್ಲ. ಒಂದೇ ಕೋಣೆ, ಒಂದೂ ಸಾಮಾನಿಲ್ಲ, ಗೋಡೆಗೆ ಎರಡು ಕಪ್ಪು ಗೆರೆ, ಅದೇ ಹಸಿರು ಬಣ್ಣ ವರ್ಷವರ್ಷಕ್ಕೂ. ವಿಡಿಯೋದ ಹೆಣ್ಣುಮಕ್ಕಳು ತಮ್ಮ ನಳಿಗೆಯನ್ನು ಕಂಡರೆ ಕೈಮುಗಿದಾರು. ತಮ್ಮ ಮನೆಗೆ ಯಾರೂ ಚಹಕ್ಕೆ ಬರುವುದಿಲ್ಲವೆಂಬುದು ಬೇರೆ ಮಾತು. ಆದರೂ ಕೆಲವು ವಿನಂತಿಗಳಿವೆ. ಮನೆಯೊಳಗೆ ಕಾಲಿಟ್ಟ ಮೇಲೆ, ಹೇಳುವ ಮೊದಲು ಒಮ್ಮೆ ಮನೆಯೊಡತಿಯ ಕಡೆಗೆ ನೋಡುವ ಅಭ್ಯಾಸವನ್ನು ತಾವು ಮಾಡಿಕೊಳ್ಳಬೇಕು. ಗುರುತ್ವಾಕರ್ಷಣೆಗೆ ತಾವು ಕೊಡುವ ಮರ್ಯಾದೆಯಲ್ಲಿ ಒಂದು ಚಿಟಿಕೆಯನ್ನು ಕೌದಿ ಹೊಲಿದವರಿಗೂ ತೆಗೆದಿಡಬೇಕು. ಭಾನುವಾರಗಳಂದು ಗೆರೆ ದಾಟಿದರೂ ದಾಟಿಲ್ಲವೆಂಬಂತೆ ಇರಬೇಕು. ಸಂಸಾರದಲ್ಲಿ ಇದನ್ನು ಎಲ್ಲರೂ ಮಾಡುತ್ತಾರೆ, ತಮಗೆ ಕಷ್ಟವಾಗಲಾರದು. ಇನ್ನು, ಎಷ್ಟು ಎಂದು ಹೇಳುವಾಗ ಏಕೆ ಎಂದೂ ಕೇಳಿಸಿಕೊಳ್ಳಲು ಸಾಧ್ಯವೇ ಎಂಬುದನ್ನು ತಮ್ಮ ಮೇಲಿನವರೊಡನೆ ಚರ್ಚಿಸಬೇಕು. ನಾನೂ ನನ್ನ ಮಟ್ಟದಲ್ಲಿ ಪ್ರಯತ್ನ ಮಾಡುತ್ತಿದ್ದೇನೆ: ಸೋಮವಾರದ ನೆಲ ತೊಳೆಯುವ ಕೆಲಸ ಈಗ ನನ್ನದು.

ಗೆರೆಯ ಈಚೆಗೂ ಆಚೆಗೂ ತಮ್ಮ ಕ್ಷೇಮವನ್ನೇ ಬಯಸುವ,

ತಮ್ಮ ವಿಶ್ವಾಸಿ,
ಮಹಾಬಳೇಶ್ವರ
ಅಂಬೇವಾಡಿ, ದಾಂಡೇಲಿ

ಪ್ರತಿ: ದಾರಕ್ಕೆ ಜೋತು ಗೋಡೆಯ ನೇರ ನೋಡುವ ಶ್ರೀ ತೂಗುಗುಂಡು ಅವರಿಗೆ, ಮಾಹಿತಿಗಾಗಿ. ಅವರ ಸರದಿ ಬಂದಿಲ್ಲವೆಂದು ನೆಮ್ಮದಿಯಾಗಿರುವುದು ಬೇಡ.

ತಾ. ಕ.: ಜೆನಿಫರ್ ಬೇಡವೆಂದರೂ ತಮ್ಮನ್ನು ಚೀಲದ ತಳದಲ್ಲಿ, ಟವೆಲ್ಲಿನ ಕೆಳಗೆ, ಅವಳ ಹೊಸ ಮನೆಗೆ ಒಯ್ದಿದ್ದೆನೆಂಬುದು ತಮಗೆ ನೆನಪಿರಬಹುದು. ಹೊಸ ಕಾಲದ ಕಟ್ಟಡ, ಹೊಳೆಯುವ ಟೈಲ್ಸು. ಯಾರೂ ನೋಡದಾಗ ನೆಲದ ಮೇಲಿಟ್ಟೆ. ನಾಲ್ಕು ಮೂಲೆಗಳಲ್ಲಿಯೂ ತಾವು ಗೆರೆಗಳ ನಟ್ಟನಡುವೆ ನಿಂತಿರಿ. ತಮಗೆ ಒಪ್ಪುವ ಮನೆಯೊಂದು ಕೊನೆಗೂ ಸಿಕ್ಕಿತೆಂದು ನನಗೆ ಕಣ್ಣು ತುಂಬಿ ಬಂತು. ಮರುದಿನ ಸಾಮಾನು ಇಳಿಸುವ ಮುಂಚೆ ಅನ್ನಾಬಾಯಿಯವರು ಎರಡು ಕೊಡ ನೀರು ಹಾಕಿ ನೆಲ ತೊಳೆದರು. ನೀರೂ ನಟ್ಟನಡುವೆ ನಿಂತಿತು. ವಿದ್ಯಾವತಿಯವರು ಮೊದಲು ನೀರನ್ನು ನೋಡಿದರು, ಆಮೇಲೆ ನನ್ನ ಚೀಲವನ್ನು ನೋಡಿದರು. ಆ ನೀರನ್ನು ಹೊರಗೆ ಕರೆದೊಯ್ಯಲು ನಾನೊಬ್ಬನೇ ಸಾಲುತ್ತಿಲ್ಲ. ತಾವು ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳುವುದು ಬೇಡ, ಒಂದು ಕಸಬರಿಗೆ ಹಿಡಿದುಕೊಂಡು ಬಂದರೆ ಸಾಕು.